ಗುಂಡಿನ ಸದ್ದು ತಾಳವಾಗುವ ಒಪೆರಾ: ಗೊಲಿಹೋವ್ ಅವರ ‘ಐನದಮಾರ್’ ಕೇಳಿದವರು ಯಾರಾದರೂ ಇದ್ದೀರಾ?

ಶರಾವತಿ ತೀರದವಳು
ಭಾನುವಾರ ಬೆಳಿಗ್ಗೆ

ಹೋದ ವಾರ ಇಲ್ಲಿ ಫ್ಯೂಷನ್ ಬಗ್ಗೆ ನಡೆದ ಮಾತು ಓದಿದೆ. ಶಾಸ್ತ್ರೀಯ, ಜಾನಪದ, ಕಂಪ್ಯೂಟರ್ ಸದ್ದು ಮೂರನ್ನೂ ಒಂದೇ ಪಾತ್ರೆಗೆ ಹಾಕಿ ತಿರುವಿದರೆ ಯಾವುದರ ರುಚಿಯೂ ಉಳಿಯುವುದಿಲ್ಲ ಅಂತ ಸುಮಾರು ಜನ ಬರೆದಿದ್ದಿರಿ. ನನಗೂ ಜಾಸ್ತಿ ಸಲ ಹಾಗೇ ಅನ್ನಿಸಿದೆ. ಆದರೆ ಒಂದು ಕೃತಿ ಕೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅದರ ಬಗ್ಗೆ ಹೇಳಬೇಕು.

2024ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಮೆಟ್ ಅಂತಾರೆ) ‘ಐನದಮಾರ್’ ಎಂಬ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ನೋಡಿದೆ. ಸಂಗೀತ ಓಸ್ವಾಲ್ಡೊ ಗೊಲಿಹೋವ್ ಅವರದು. ಮಾತು ಬರೆದವರು ಅಮೆರಿಕದ ನಾಟಕಕಾರ ಡೇವಿಡ್ ಹೆನ್ರಿ ಹ್ವಾಂಗ್. ಅವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಗೊಲಿಹೋವ್ ತಾವೇ ಸ್ಪ್ಯಾನಿಷ್‌ಗೆ ತಂದರು. ಒಂದೇ ಅಂಕ, ಸುಮಾರು 80 ನಿಮಿಷ. ಮೊದಲ ರೂಪ 2003ರಲ್ಲಿ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ ಬಂತು. ಆಮೇಲೆ ತುಂಬಾ ತಿದ್ದಿ, 2005ರಲ್ಲಿ ಸಾಂಟಾ ಫೇಯಲ್ಲಿ ಪೀಟರ್ ಸೆಲ್ಲರ್ಸ್ ನಿರ್ದೇಶನದಲ್ಲಿ ಹೊಸ ರೂಪ ಬಂತು. ಈಗ ಎಲ್ಲರೂ ಆಡುವುದು ಅದನ್ನೇ.

ಕಥೆ ಸ್ಪೇನಿನ ಕವಿ ಫೆಡೆರಿಕೊ ಗಾರ್ಸಿಯಾ ಲೋರ್ಕಾ ಅವರದು. 1936ರ ಆಗಸ್ಟ್‌ನಲ್ಲಿ, ಅಲ್ಲಿನ ಅಂತರ್ಯುದ್ಧದ ಶುರುವಿನಲ್ಲೇ, ಗ್ರಾನಡಾ ಊರಿನ ಹೊರಗೆ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 38 ವರ್ಷ. ದೇಹ ಇವತ್ತಿಗೂ ಸಿಕ್ಕಿಲ್ಲ. ಕೊಂದ ಜಾಗದ ಹತ್ತಿರ ಒಂದು ಹಳೆಯ ಚಿಲುಮೆ ಇದೆ. ಅರಬರ ಕಾಲದಿಂದ ಅದರ ಹೆಸರು ಐನದಮಾರ್, ಅಂದರೆ ಕಣ್ಣೀರಿನ ಚಿಲುಮೆ.

ಆದರೆ ಒಪೆರಾ ಶುರುವಾಗುವುದು ಅಲ್ಲಲ್ಲ. 1969, ಉರುಗ್ವೆಯ ಮೊಂಟೆವಿಡಿಯೊ, ಒಂದು ರಂಗಮಂದಿರದ ಒಳಗೆ. ವಯಸ್ಸಾದ ನಟಿ ಮಾರ್ಗರಿಟಾ ಶಿರ್ಗು ಇನ್ನೇನು ರಂಗಕ್ಕೆ ಹೋಗಬೇಕು. ಲೋರ್ಕಾ ಬರೆದ ಮರಿಯಾನಾ ಪಿನೇಡಾ ಪಾತ್ರವನ್ನು 1927ರಲ್ಲಿ ಬಾರ್ಸಿಲೋನಾದಲ್ಲಿ ಮೊದಲು ಆಡಿದವಳು ಅವಳೇ. ಆ ಮರಿಯಾನಾ ಕೂಡ ನಿಜವಾಗಿ ಬದುಕಿದ್ದವಳು. ಬಂಡಾಯದ ಬಾವುಟ ಹೊಲಿಸಿದಳು ಅಂತ 1831ರಲ್ಲಿ ಗ್ರಾನಡಾದಲ್ಲಿ ಮರಣದಂಡನೆಗೆ ಗುರಿಯಾದಳು. ಜೊತೆಗಿದ್ದವರ ಹೆಸರು ಮಾತ್ರ ಬಾಯಿಬಿಡಲಿಲ್ಲ. ಮಾರ್ಗರಿಟಾ 1936ರ ಶುರುವಿನಲ್ಲಿ ಹಡಗು ಹತ್ತಿ ಕ್ಯೂಬಾದ ಹವಾನಾಕ್ಕೆ ಹೋದಳು. ಲೋರ್ಕಾ ಹೋಗಲಿಲ್ಲ. ಅವಳು ಮತ್ತೆ ಊರಿಗೆ ಬರಲೇ ಇಲ್ಲ. ‘ನಾನು ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು’ ಎಂಬ ಸಂಕಟದಲ್ಲೇ ಈ ಇಡೀ ಒಪೆರಾ ನಡೆಯುತ್ತದೆ.

ಈಗ ಸಂಗೀತಕ್ಕೆ ಬರುತ್ತೇನೆ. ಪರದೆ ಏಳುವ ಮೊದಲು ಕೇಳುವುದು ನೀರಿನ ಸದ್ದು, ಕುದುರೆ ಗೊರಸಿನ ಸದ್ದು. ಎರಡೂ ಧ್ವನಿಮುದ್ರಿತ. ಗೊರಸು ಓಡುತ್ತಾ ಓಡುತ್ತಾ ಒಂದು ನಡೆಗೆ ಬೀಳುತ್ತದೆ. ಅದರ ಮೇಲೆ ತಾಳವಾದ್ಯ, ಆಮೇಲೆ ತುತ್ತೂರಿ. ಸದ್ದು ಎಲ್ಲಿ ಮುಗಿಯಿತು, ಸಂಗೀತ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಲೋರ್ಕಾ ಸಾಯುವಾಗಲೂ ಹೀಗೇ. ಗುಂಡಿನ ಸದ್ದು ಒಂದಾದ ಮೇಲೆ ಒಂದು ಬರುತ್ತದೆ. ಮೊದಲು ಬರೀ ಗುಂಡು. ನಿಧಾನಕ್ಕೆ ಆ ಗುಂಡುಗಳು ಫ್ಲಮೆಂಕೊ ಎಂಬ ಸ್ಪೇನಿನ ಜಾನಪದ ಸಂಗೀತದ ತಾಳ ಹಿಡಿಯುತ್ತವೆ. ನನ್ನ ಕಾಲು ತಾನಾಗಿ ಆ ತಾಳಕ್ಕೆ ಅಲ್ಲಾಡಿತು. ಮರುಕ್ಷಣ ಯಾವುದಕ್ಕೆ ತಾಳ ಹಾಕುತ್ತಿದ್ದೇನೆ ಅಂತ ಗೊತ್ತಾಗಿ ಮೈ ತಣ್ಣಗಾಯಿತು. ಕಂಪ್ಯೂಟರ್ ಇಲ್ಲದೆ ಆ ಕ್ಷಣ ಬರಲು ಸಾಧ್ಯವೇ ಇರಲಿಲ್ಲ. ಜಾನಪದ ಇಲ್ಲದೆಯೂ ಬರುತ್ತಿರಲಿಲ್ಲ.

ಇದನ್ನು ನೀವು ಯಾರಾದರೂ ಕೇಳಿದ್ದೀರಾ?

ಧಾರವಾಡದ ಕಿವಿ
ಭಾನುವಾರ ಮಧ್ಯಾಹ್ನ

ಹೋದ ವಾರ ಫ್ಯೂಷನ್ ವಿರುದ್ಧ ಬರೆದವರಲ್ಲಿ ನಾನೂ ಒಬ್ಬ. ಈ ಒಪೆರಾ ಕೇಳಿಲ್ಲ, ಹಾಗಾಗಿ ತೀರ್ಪು ಕೊಡುವುದಿಲ್ಲ. ಎರಡು ಪ್ರಶ್ನೆ ಮಾತ್ರ.

ಒಂದು: ಒಪೆರಾ ಹಾಡುವವರು ಮೈಕ್ ಇಲ್ಲದೆ ಸಾವಿರಾರು ಜನಕ್ಕೆ ಕೇಳಿಸುವಂತೆ ಹಾಡಲು ವರ್ಷಗಟ್ಟಲೆ ಕಂಠ ತಯಾರು ಮಾಡುತ್ತಾರೆ ಅಂತ ಓದಿದ್ದೇನೆ. ಫ್ಲಮೆಂಕೊ ಗಿಟಾರ್, ಲ್ಯಾಪ್‌ಟಾಪ್ ಎಲ್ಲ ಬಂದರೆ ಮೈಕ್ ಬಂದೇ ಬರುತ್ತದೆ. ಆಗ ಆ ಸಾಧನೆ ಏನಾಯಿತು?

ಎರಡು: ಕಥೆ ಸ್ಪೇನಿನದು, ಅದಕ್ಕೆ ಫ್ಲಮೆಂಕೊ ಹಾಕಿದರು. ಅದು ಬಣ್ಣ ಬಳಿದ ಹಾಗಲ್ಲವೇ? ಸಿನಿಮಾದಲ್ಲಿ ರಾಜಸ್ಥಾನ ತೋರಿಸುವಾಗ ಸಾರಂಗಿ ಹಾಕುವ ಹಾಗೆ?

ಲಯದ ಹಿಂದೆ
ಭಾನುವಾರ ಮಧ್ಯಾಹ್ನ

ನಾನು ಮೃದಂಗ ಕಲಿಯುತ್ತಿದ್ದೇನೆ, ಐದು ವರ್ಷ ಆಯಿತು. ಒಪೆರಾ ಗೊತ್ತಿಲ್ಲ. ಫ್ಲಮೆಂಕೊ ಮಾತ್ರ ಸ್ವಲ್ಪ ಕೇಳಿದ್ದೇನೆ. ತಾಳದ ಬಗ್ಗೆ ಒಂದು ವಿಷಯ ಹೇಳಿದರೆ ಕೇಳುವವರಿಗೆ ಅನುಕೂಲ ಆಗಬಹುದು.

ಫ್ಲಮೆಂಕೊದಲ್ಲಿ ಆವರ್ತಕ್ಕೆ ಕಂಪಾಸ್ ಅನ್ನುತ್ತಾರೆ. ಅದರಲ್ಲಿ ತುಂಬಾ ಮುಖ್ಯವಾದದ್ದು 12 ಎಣಿಕೆಯದು. ಅವರು ಅದನ್ನು ಹಲವು ಸಲ ಹನ್ನೆರಡರಿಂದಲೇ ಎಣಿಸಲು ಶುರು ಮಾಡುತ್ತಾರೆ. ಸಾಮಾನ್ಯವಾಗಿ ಒತ್ತು ಬೀಳುವುದು 12, 3, 6, 8, 10ರ ಮೇಲೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ತಕಿಟ ತಕಿಟ ತಕ ತಕ ತಕ. ಮೂರು ಮೂರು ಎರಡು ಎರಡು ಎರಡು. ಒಂದು ಸಲ ಕೈಯಲ್ಲಿ ತಟ್ಟಿ ನೋಡಿ. ಮೊದಲರ್ಧ ತೂಗುತ್ತದೆ, ಎರಡನೇ ಅರ್ಧ ಅಟ್ಟಿಸಿಕೊಂಡು ಬರುತ್ತದೆ. ಚಪ್ಪಾಳೆ, ಹಿಮ್ಮಡಿಯ ಪೆಟ್ಟು, ಕಹೋನ್ ಎಂಬ ಮರದ ಪೆಟ್ಟಿಗೆ, ಎಲ್ಲವೂ ಈ ಒತ್ತಿನ ಸುತ್ತ ಆಡುತ್ತವೆ.

ಅಕ್ಕ, ನೀವು ಹೇಳಿದ ಗುಂಡಿನ ಭಾಗವನ್ನು ಇವತ್ತು ಹುಡುಕಿ ಕೇಳುತ್ತೇನೆ.

ಸ್ಟುಡಿಯೋ ಕೆಲಸದವ
ಭಾನುವಾರ ಸಂಜೆ

ಬೆಂಗಳೂರಿನಲ್ಲಿ ಜಾಹೀರಾತು, ಕಿರುಚಿತ್ರಗಳಿಗೆ ಸೌಂಡ್ ಮಾಡುವುದು ನನ್ನ ಹೊಟ್ಟೆಪಾಡು. ಗುಂಡು ಯಾಕೆ ತಾಳವಾಗಿ ಕೇಳಿಸುತ್ತದೆ ಅನ್ನುವುದಕ್ಕೆ ನಮ್ಮ ಕೆಲಸದ ಕಡೆಯಿಂದ ಒಂದು ಕಾರಣ ಇದೆ.

ಯಾವ ಸದ್ದಿಗೂ ಒಂದು ಶುರು, ಒಂದು ಬಾಲ ಇರುತ್ತದೆ. ಶುರುವನ್ನು ನಾವು ಅಟ್ಯಾಕ್ ಅನ್ನುತ್ತೇವೆ. ಗುಂಡಿಗೆ ಅಟ್ಯಾಕ್ ತುಂಬಾ ಚೂಪು, ಆಮೇಲೆ ಬಾಲ ಬೇಗ ಇಳಿದುಬಿಡುತ್ತದೆ. ಕಹೋನ್ ಹೊಡೆತ, ಹಿಮ್ಮಡಿಯ ಪೆಟ್ಟು, ಚಪ್ಪಾಳೆ ಕೂಡ ಅದೇ ಜಾತಿ. ಹಾಗಾಗಿ ಸ್ಯಾಂಪ್ಲರ್‌ನಲ್ಲಿ (ಮುದ್ರಿಸಿದ ಸದ್ದನ್ನು ವಾದ್ಯದ ಹಾಗೆ ನುಡಿಸುವ ಯಂತ್ರ) ಗುಂಡನ್ನು ಸ್ವಲ್ಪ ಕತ್ತರಿಸಿ, ಬಾಲ ಚಿಕ್ಕದು ಮಾಡಿ, ಎಣಿಕೆಗೆ ಕೂರಿಸಿದರೆ ಕಿವಿ ಅದನ್ನು ವಾದ್ಯ ಅಂತಲೇ ಒಪ್ಪಿಕೊಳ್ಳುತ್ತದೆ. ಬಾಲ ಉದ್ದ ಬಿಟ್ಟರೆ ಮತ್ತೆ ಬಯಲು, ಬೆಟ್ಟ, ಪ್ರತಿಧ್ವನಿ ನೆನಪಾಗುತ್ತದೆ. ಬಂದೂಕು ಅಂತ ಗೊತ್ತಾಗುತ್ತದೆ.

ನೀವು ಹೇಳಿದ ಮೇಲೆ ಡಾಯ್ಚೆ ಗ್ರಾಮೊಫೋನ್‌ನವರ 2006ರ ರೆಕಾರ್ಡಿಂಗ್ ಹೆಡ್‌ಫೋನ್ ಹಾಕಿ ಕೇಳಿದೆ. ರಾಬರ್ಟ್ ಸ್ಪಾನೊ ನಡೆಸಿದ್ದು, ಅಟ್ಲಾಂಟಾ ಸಿಂಫನಿ. ಎಲೆಕ್ಟ್ರಾನಿಕ್ ಸದ್ದನ್ನು ಅಲಂಕಾರಕ್ಕೆ ಹಾಕಿದರೆ ನನಗೆ ತಕ್ಷಣ ಗೊತ್ತಾಗುತ್ತದೆ, ದಿನಾ ನಾನೇ ಹಾಕುತ್ತೇನಲ್ಲ. ಇಲ್ಲಿ ಹಾಗಿಲ್ಲ. ನೀರು, ಗೊರಸು, ಗುಂಡು. ಲೋರ್ಕಾ ಸತ್ತ ಜಾಗದಲ್ಲಿ ಏನೇನು ಕೇಳಿಸಿರಬಹುದೋ ಅದನ್ನೇ ಕಂಪ್ಯೂಟರ್ ತರುತ್ತದೆ. ವಾದ್ಯಗಳು ಮನುಷ್ಯರ ಕಡೆ. ಕಂಪ್ಯೂಟರ್ ಆ ನೆಲದ ಕಡೆ.

ಶರಾವತಿ ತೀರದವಳು
ಭಾನುವಾರ ರಾತ್ರಿ

@ಸ್ಟುಡಿಯೋ ಕೆಲಸದವ, ‘ಕಂಪ್ಯೂಟರ್ ಆ ನೆಲದ ಕಡೆ’. ಇದನ್ನು ನಾನು ಬರೆದಿಟ್ಟುಕೊಂಡೆ.

@ಧಾರವಾಡದ ಕಿವಿ ಸರ್, ಮೈಕ್ ವಿಷಯ ಮೊದಲು. ಹೌದು, ಇದರಲ್ಲಿ ಮೈಕ್ ಇದೆ, ಮುಚ್ಚುಮರೆ ಇಲ್ಲ. ಮೆಟ್‌ನಲ್ಲಿ ಸುಮಾರು 3,800 ಜನ ಕೂರುತ್ತಾರೆ. ಅಲ್ಲಿ ಒಂದು ಗಿಟಾರ್ ಹಿತ್ತಾಳೆ ವಾದ್ಯಗಳ ಪಕ್ಕದಲ್ಲಿ ಬರಿದೇ ಕೇಳಿಸುವುದಿಲ್ಲ. ಮತ್ತೆ ಫ್ಲಮೆಂಕೊ ಹಾಡುವವರ ಕಂಠ ಬೇರೆ ರೀತಿ ತಯಾರಾಗಿರುತ್ತದೆ. ಒಪೆರಾ ಕಂಠ ಹಾಲ್ ತುಂಬಲು ಬೆಳೆದದ್ದು. ಅವರದು ಒಂದು ಕೋಣೆಯಲ್ಲಿ, ಎದುರಿಗೆ ಕೂತವರ ಎದೆಗೆ ತಾಗಲು ಬೆಳೆದದ್ದು. ಇಬ್ಬರೂ ಒಂದೇ ರಂಗದ ಮೇಲೆ ಸಮವಾಗಿ ನಿಲ್ಲಬೇಕಾದರೆ ಮೈಕ್ ಬೇಕು. ಮೈಕ್ ಇದ್ದರೂ ಏಂಜೆಲ್ ಬ್ಲೂ ಅವರ ದನಿ ಮಾರ್ಗರಿಟಾ ಆಗಿ ಮೇಲೆದ್ದಾಗ ಸಾಧನೆ ಎಲ್ಲಿಗೂ ಹೋಗಿಲ್ಲ ಅಂತ ಗೊತ್ತಾಯಿತು.

ನಿಮ್ಮ ಎರಡನೇ ಪ್ರಶ್ನೆಯೇ ನನಗೆ ನಿಜವಾಗಿ ಮುಖ್ಯ. ಬಣ್ಣ ಬಳಿಯುವುದಾಗಿದ್ದರೆ ಫ್ಲಮೆಂಕೊ ದನಿಯನ್ನು ಯಾರಿಗೆ ಕೊಡಬೇಕಿತ್ತು? ಕವಿಗೆ, ಅಲ್ವಾ? ಅವನು ದಕ್ಷಿಣ ಸ್ಪೇನಿನ ಅಂದಲೂಸಿಯಾದ ಮಗ. 1922ರಲ್ಲಿ ಸಂಗೀತಗಾರ ಮಾನುವೆಲ್ ದೆ ಫಾಯಾ ಜೊತೆ ಸೇರಿ ಗ್ರಾನಡಾದ ಅಲ್ಹಂಬ್ರಾದಲ್ಲಿ ಕಾಂತೆ ಹೊಂಡೊ ಸ್ಪರ್ಧೆ ನಡೆಸಿದವನು. ಕಾಂತೆ ಹೊಂಡೊ ಅಂದರೆ ಆಳದ ಹಾಡು, ಫ್ಲಮೆಂಕೊದ ಬೇರು. ಹಳ್ಳಿಗಾಡಿನ ವಯಸ್ಸಾದ ಹಾಡುಗಾರರನ್ನು ಕರೆಸಿದ್ದರು. ಈ ಹಾಡು ಸತ್ತುಹೋಗಬಾರದು ಅಂತ ಲೋರ್ಕಾ ಭಾಷಣ ಮಾಡಿದ್ದರು.

ಆ ದನಿಯನ್ನು ಗೊಲಿಹೋವ್ ಕೊಟ್ಟಿದ್ದು ರಮೋನ್ ರೂಯಿಸ್ ಅಲೋನ್ಸೊಗೆ. 1936ರ ಆಗಸ್ಟ್ 16ರಂದು ಲೋರ್ಕಾನನ್ನು ಬಂಧಿಸಿದ ಮನುಷ್ಯ ಅವನು. ಆ ಪಾತ್ರವನ್ನು ಒಪೆರಾ ಗಾಯಕರು ಹಾಡುವುದಿಲ್ಲ, ಅಸಲಿ ಫ್ಲಮೆಂಕೊ ಹಾಡುಗಾರರೇ ಹಾಡುತ್ತಾರೆ. ರೆಕಾರ್ಡಿಂಗ್‌ನಲ್ಲಿ ಹೆಸೂಸ್ ಮೊಂಟೋಯಾ, ಮೆಟ್‌ನಲ್ಲಿ ಆಲ್ಫ್ರೆಡೊ ತೆಹಾಡಾ. ಕವಿ ಉಳಿಸಲು ಹೊರಟ ದನಿಯೇ ಕವಿಯನ್ನು ಹಿಡಿಯಲು ಬರುತ್ತದೆ. ಸುಮ್ನೆ ಯೋಚಿಸಿ ನೋಡಿ. ಅವನನ್ನು ಕೊಂದವರು ಬೇರೆ ದೇಶದಿಂದ ಬಂದವರಲ್ಲ. ಅದೇ ದೇಶದವರು. ಇದನ್ನು ಮಾತಿನಲ್ಲಿ ಎಲ್ಲೂ ಹೇಳಿಲ್ಲ. ಯಾರ ಬಾಯಿಗೆ ಯಾವ ಸಂಗೀತ ಅನ್ನುವುದರಲ್ಲೇ ಹೇಳಿದ್ದಾರೆ.

ಮತ್ತೆ ಲೋರ್ಕಾ? ಆ ಪಾತ್ರ ಹಾಡುವುದು ಹೆಂಗಸು. ಮೆಜೊ ಸೊಪ್ರಾನೊ, ನಡು ಸ್ಥಾಯಿಯ ಹೆಣ್ಣು ದನಿ.

ಮಲ್ಲಿಗೆ ಹಂಬು
ಸೋಮವಾರ ಬೆಳಿಗ್ಗೆ

ಈ ಕೊನೆಯ ಸಾಲು ಓದಿ ಕೂತುಬಿಟ್ಟೆ. ನಾನು ಹವ್ಯಾಸಿ ರಂಗಭೂಮಿಯಲ್ಲಿ ಮೂವತ್ತು ವರ್ಷ ಕಳೆದವಳು. ಗಂಡಸರು ಸ್ತ್ರೀಪಾತ್ರ ಮಾಡುವುದನ್ನು ಯಕ್ಷಗಾನದಲ್ಲಿ, ಕಂಪನಿ ನಾಟಕದಲ್ಲಿ ನೋಡುತ್ತಾ ಬೆಳೆದವರು ನಾವು. ಅಲ್ಲಿ ಬೆರಗು ಹುಟ್ಟುವುದು ಅವರು ಪೂರ್ತಿ ಹೆಣ್ಣಾಗಿಬಿಡುತ್ತಾರೆ ಅನ್ನುವುದಕ್ಕೆ. ಇಲ್ಲಿ ಬೇರೆ ಏನೋ ಇದೆ ಅನ್ನಿಸುತ್ತದೆ. ಒಪೆರಾದಲ್ಲಿ ಹುಡುಗರ ಪಾತ್ರವನ್ನು ಹೆಂಗಸರು ಹಾಡುವ ರೂಢಿ ಹಳೆಯದು ಅಂತ ಗೊತ್ತು. ಆದರೆ ಇಡೀ ಕಥೆ ನಡೆಯುವುದು ಮಾರ್ಗರಿಟಾ ತಲೆಯೊಳಗೆ ತಾನೇ? ಅವಳಿಗೆ ನೆನಪಾಗುವ ಲೋರ್ಕಾ ಅವಳದೇ ದನಿಯ ನೆರಳಿನಲ್ಲಿ ಹಾಡಿದರೆ ಅದು ಸಹಜವೇ. ತೀರಿಕೊಂಡವರ ಮಾತನ್ನು ನಾವು ನಮ್ಮ ದನಿಯಲ್ಲೇ ನೆನಪು ಮಾಡಿಕೊಳ್ಳುವುದು.

ಮೇಳದವರು ಯಾರು? ಅವರೂ ಹೆಂಗಸರೇನಾ?

ಶರಾವತಿ ತೀರದವಳು
ಸೋಮವಾರ ಬೆಳಿಗ್ಗೆ

ಹೌದಕ್ಕ, ಮೇಳ ಪೂರ್ತಿ ಹೆಂಗಸರೇ. ಒಪೆರಾದಲ್ಲಿ ಮೂರು ಭಾಗ: ಮರಿಯಾನಾ, ಫೆಡೆರಿಕೊ, ಮಾರ್ಗರಿಟಾ. ಅವಕ್ಕೆ ಅಂಕ, ದೃಶ್ಯ ಅನ್ನುವುದಿಲ್ಲ, ‘ಬಿಂಬ’ ಅನ್ನುತ್ತಾರೆ. ಪ್ರತಿ ಭಾಗದ ಶುರುವಿನಲ್ಲಿ ಆ ಹುಡುಗಿಯರು ಒಂದೇ ಹಾಡು ಹಾಡುತ್ತಾರೆ. ‘ಗ್ರಾನಡಾದಲ್ಲಿ ಎಂಥ ದುಃಖದ ದಿನ, ಕಲ್ಲುಗಳೂ ಅತ್ತವು’ ಅಂತ ಅದರ ಅರ್ಥ. ಲೋರ್ಕಾ ಚಿಕ್ಕವನಿದ್ದಾಗ ಬೀದಿಯಲ್ಲಿ ಮಕ್ಕಳು ಹಾಡುತ್ತಿದ್ದ ಮರಿಯಾನಾಳ ಹಾಡು ಅದು. ಅದನ್ನೇ ಅವನು ತನ್ನ ನಾಟಕಕ್ಕೆ ತಂದ. ಅಲ್ಲಿಂದ ಒಪೆರಾಕ್ಕೆ ಬಂತು. ಮೂರು ಸಲ ಬಂದಾಗಲೂ ಅದರ ಬಣ್ಣ ಬೇರೆ. ಮೊದಲ ಸಲ ಸತ್ತವಳು ಮರಿಯಾನಾ. ಎರಡನೇ ಸಲ ಕೇಳುವಾಗ ಮುಂದೆ ಸಾಯುವವನು ಕವಿ ಅಂತ ನಮಗೆ ಗೊತ್ತು.

ಮೆಟ್‌ನಲ್ಲಿ ನಿರ್ದೇಶನ ಬ್ರೆಜಿಲ್‌ನ ನೃತ್ಯ ಸಂಯೋಜಕಿ ಡೆಬೊರಾ ಕೋಲ್ಕರ್ ಅವರದು. ರಂಗದ ನಡುವೆ ದಾರಗಳ ಒಂದು ದುಂಡನೆಯ ಪರದೆ. ಅದರ ಮೇಲೆ ಚಿತ್ರಗಳು ಬೀಳುತ್ತವೆ, ಒಳಗಿಂದ ಜನ ತೂರಿ ಬರುತ್ತಾರೆ. ನೋಡಲು ಚೆಂದ. ಆದರೆ ಕುಣಿತ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು. ಕೆಲವು ಕಡೆ ಬರೀ ನಿಂತು ಹಾಡಿದ್ದರೆ ಸಾಕಿತ್ತು.

ಹಳೆ ಕ್ಯಾಸೆಟ್ ಪೆಟ್ಟಿಗೆ
ಸೋಮವಾರ ಸಂಜೆ

ಗೊಲಿಹೋವ್ ಅವರನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಇವರಿಗೆ ಬೆರಕೆ ಒಂದು ಪ್ರಯೋಗ ಅಲ್ಲ, ಹುಟ್ಟಿದ ಮನೆಯೇ ಹಾಗಿತ್ತು. 1960ರಲ್ಲಿ ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ ಹುಟ್ಟಿದರು. ಪೂರ್ವ ಯೂರೋಪಿನಿಂದ ಬಂದು ನೆಲೆಸಿದ ಯಹೂದಿ ಕುಟುಂಬ. ತಾಯಿ ಪಿಯಾನೋ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ, ಪ್ರಾರ್ಥನೆಯಲ್ಲಿ ಯಹೂದಿ ಹಾಡು, ಹೊರಗೆ ಪಿಯಾಜೊಲ್ಲಾ ಅವರ ಹೊಸ ಟ್ಯಾಂಗೊ, ಅಂದರೆ ಅಲ್ಲಿನ ಕುಣಿತದ ಸಂಗೀತ. 1983ರಲ್ಲಿ ಜೆರುಸಲೇಮಿಗೆ ಹೋದರು, ಮೂರು ವರ್ಷದ ಮೇಲೆ ಅಮೆರಿಕಕ್ಕೆ. ಅಲ್ಲಿ ಸಂಗೀತಕಾರ ಜಾರ್ಜ್ ಕ್ರಂಬ್ ಬಳಿ ಕಲಿತರು.

2000ರಲ್ಲಿ ಜರ್ಮನಿಯ ಸಂಗೀತಕಾರ ಬಾಖ್ ತೀರಿಕೊಂಡು 250 ವರ್ಷ ಆಯಿತು. ಆ ನೆನಪಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯೇಸುವಿನ ಕೊನೆಯ ದಿನಗಳ ಬಗ್ಗೆ ಒಂದು ದೊಡ್ಡ ಕೃತಿ ಮಾಡಲು ಇವರನ್ನು ಕೇಳಿದರು. ಇವರು ವೆನೆಜುವೆಲಾದ ಗಾಯನ ಮೇಳ, ಕ್ಯೂಬಾ ಮತ್ತು ಬ್ರೆಜಿಲ್‌ನ ಬೀದಿ ತಾಳ ಎಲ್ಲ ತಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 2004ರ ‘ಐರೆ’ ಹಾಡಿನ ಗುಚ್ಛದಲ್ಲಿ ಒಬ್ಬ ಗಾಯಕಿ, ಡಾನ್ ಅಪ್‌ಶಾ. ಜೊತೆಗೆ ಲ್ಯಾಪ್‌ಟಾಪ್, ಅಕಾರ್ಡಿಯನ್, ಕ್ಲಾರಿನೆಟ್. ಅದೇ ಅಪ್‌ಶಾ ಅವರೇ ಐನದಮಾರ್‌ನ 2006ರ ರೆಕಾರ್ಡಿಂಗ್‌ನಲ್ಲಿ ಮಾರ್ಗರಿಟಾ. ಆ ರೆಕಾರ್ಡಿಂಗ್‌ಗೆ ಎರಡು ಗ್ರ್ಯಾಮಿ ಬಂತು.

ಪ್ರೀತಿಯಿಂದ ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. 2012ರಲ್ಲಿ ಇವರ ‘ಸಿಡೇರಿಯಸ್’ ಎಂಬ ಆರ್ಕೆಸ್ಟ್ರಾ ಕೃತಿ ಬಗ್ಗೆ ದೊಡ್ಡ ಗಲಾಟೆ ಆಯಿತು. 35 ಆರ್ಕೆಸ್ಟ್ರಾಗಳು ಸೇರಿ ಬರೆಸಿದ ಕೃತಿ. ಅದರಲ್ಲಿ ಇವರ ಜೊತೆ ಅಕಾರ್ಡಿಯನ್ ನುಡಿಸುತ್ತಿದ್ದ ಮೈಕಲ್ ವಾರ್ಡ್-ಬರ್ಗ್‌ಮನ್ ಅವರ ಕೃತಿಯ ದೊಡ್ಡ ಭಾಗ ಇದೆ ಅಂತ ಕೇಳಿದವರು ಗುರುತಿಸಿದರು. ತಮ್ಮಿಬ್ಬರ ನಡುವೆ ಒಪ್ಪಂದ ಇತ್ತು ಅಂತ ವಾರ್ಡ್-ಬರ್ಗ್‌ಮನ್ ಅವರೇ ಹೇಳಿದರು. ಕಾನೂನಿಗೆ ಅದು ಸಾಕಿರಬಹುದು. ಕೇಳುಗನಾಗಿ ನನಗೆ ಬೇಜಾರಾಯಿತು. ಆ ಹೆಸರು ಮೊದಲೇ ಮುಂದೆ ಬರೆದಿದ್ದರೆ ಯಾರಿಗೆ ಏನು ಕಮ್ಮಿ ಆಗುತ್ತಿತ್ತು?

ಧಾರವಾಡದ ಕಿವಿ
ಸೋಮವಾರ ರಾತ್ರಿ

ಇದು ನಾನು ಕೇಳಬೇಕೆಂದಿದ್ದ ಮಾತು. ಜಾನಪದದ ವಿಷಯದಲ್ಲಿ ಇದು ಇನ್ನೂ ದೊಡ್ಡದು. ವಾರ್ಡ್-ಬರ್ಗ್‌ಮನ್ ಅವರಿಗೆ ಹೆಸರಾದರೂ ಇದೆ. ತಲೆಮಾರುಗಳಿಂದ ಹಾಡಿಕೊಂಡು ಬಂದವರ ಹೆಸರು ಯಾರು ಬರೆಯುತ್ತಾರೆ? ನಮ್ಮಲ್ಲೂ ಗೀಗೀ ಪದ, ತತ್ವಪದ ಎತ್ತಿಕೊಂಡು ‘ಸಂಗೀತ’ ಅಂತ ತಮ್ಮ ಹೆಸರು ಹಾಕಿಕೊಂಡದ್ದನ್ನು ಎಷ್ಟು ಸಲ ನೋಡಿಲ್ಲ?

ಲಯದ ಹಿಂದೆ
ಮಂಗಳವಾರ ಬೆಳಿಗ್ಗೆ

ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಐನದಮಾರ್ ಮಟ್ಟಿಗೆ ಒಂದು ವ್ಯತ್ಯಾಸ ಇದೆ. ಹಾಡುಗಾರನನ್ನು ಸ್ಯಾಂಪಲ್ ಮಾಡಿ ಲ್ಯಾಪ್‌ಟಾಪ್‌ಗೆ ಹಾಕಿಲ್ಲ. ಆ ಮನುಷ್ಯನನ್ನೇ ರಂಗಕ್ಕೆ ಕರೆದಿದ್ದಾರೆ. ಅವನ ಹೆಸರು ಪಾತ್ರಧಾರಿಗಳ ಪಟ್ಟಿಯಲ್ಲಿದೆ. ಅವನ ಗಮಕ ಅವನದೇ, ಅದನ್ನು ಕಾಗದದ ಮೇಲೆ ಬರೆದುಕೊಡಲು ಆಗುವುದಿಲ್ಲ. ಸ್ಯಾಂಪಲ್ ಮಾಡಿದ್ದು ಕುದುರೆಯನ್ನು, ನೀರನ್ನು, ಬಂದೂಕನ್ನು.

ಇನ್ನೊಂದು ವಿಷಯ. ಫ್ಲಮೆಂಕೊ ಬೆಳೆಸಿದವರಲ್ಲಿ ಸ್ಪೇನಿನ ರೋಮಾ ಜನ ಮುಖ್ಯರು. ಅವರ ಹಿರಿಯರು ನೂರಾರು ವರ್ಷದ ಹಿಂದೆ ನಮ್ಮ ದೇಶದ ಉತ್ತರ ಭಾಗದಿಂದ ಹೊರಟವರು. ಭಾಷೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ರೋಮಾನಿಯಲ್ಲಿ ನೀರಿಗೆ ‘ಪಾನಿ’ ಅಂತಲೇ ಅನ್ನುತ್ತಾರೆ. ಕಣ್ಣೀರಿನ ಚಿಲುಮೆಯ ಒಪೆರಾ ಕೇಳುವಾಗ ಇದು ನೆನಪಾಯಿತು, ಅಷ್ಟೇ. ಇದರಿಂದ ಫ್ಲಮೆಂಕೊ ನಮ್ಮದು ಅಂತ ಹೇಳುತ್ತಿಲ್ಲ. ಅದು ಅಂದಲೂಸಿಯಾದ ನೆಲದಲ್ಲಿ ಹುಟ್ಟಿದ್ದು.

ಸ್ಟುಡಿಯೋ ಕೆಲಸದವ
ಮಂಗಳವಾರ ಮಧ್ಯಾಹ್ನ

ಇದೇ ದಾರಿಯಲ್ಲಿ ಇನ್ನು ಯಾರನ್ನು ಕೇಳಬಹುದು?

ಹಳೆ ಕ್ಯಾಸೆಟ್ ಪೆಟ್ಟಿಗೆ
ಮಂಗಳವಾರ ಮಧ್ಯಾಹ್ನ

ಶಾಂಘೈನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿರುವ ಡೂ ಯುನ್ ಅವರ ‘ಏಂಜೆಲ್ಸ್ ಬೋನ್’. ಸಂಗೀತಕ್ಕೆ ಅಮೆರಿಕದಲ್ಲಿ ಕೊಡುವ 2017ರ ಪುಲಿಟ್ಜರ್ ಬಹುಮಾನ ಅದಕ್ಕೆ ಬಂತು. ಚರ್ಚಿನ ಹಾಡು, ಪಂಕ್, ಎಲೆಕ್ಟ್ರಾನಿಕ್ ಎಲ್ಲ ಇದೆ. ಮನುಷ್ಯರ ಸಾಗಾಟದ ಕಥೆ, ಕೇಳಲು ಗಟ್ಟಿ ಮನಸ್ಸು ಬೇಕು. ರಿಯಾನನ್ ಗಿಡ್ಡನ್ಸ್ ಮತ್ತು ಮೈಕಲ್ ಏಬಲ್ಸ್ ಸೇರಿ ಮಾಡಿದ ‘ಓಮರ್’ ಕೂಡ ಕೇಳಿ, 2023ರ ಪುಲಿಟ್ಜರ್. ಅದರಲ್ಲಿ ಎಲೆಕ್ಟ್ರಾನಿಕ್ ಹುಡುಕಬೇಡಿ, ಜಾನಪದ ಮತ್ತು ಒಪೆರಾ ಹೇಗೆ ಕೂಡುತ್ತವೆ ಅನ್ನುವುದಕ್ಕೆ ಕೇಳಿ.

ಧಾರವಾಡದ ಕಿವಿ
ಬುಧವಾರ ರಾತ್ರಿ

ನಿನ್ನೆ ರಾತ್ರಿ ಐನದಮಾರ್ ಪೂರ್ತಿ ಕೇಳಿದೆ. ಇವತ್ತು ಎರಡನೇ ಸಲ, ಮಾತಿನ ಅರ್ಥ ಪಕ್ಕದಲ್ಲಿಟ್ಟುಕೊಂಡು.

ಎಲ್ಲ ಒಪ್ಪಿಗೆ ಆಗಲಿಲ್ಲ. ಹವಾನಾಕ್ಕೆ ಹೋಗೋಣ ಬಾ ಅಂತ ಮಾರ್ಗರಿಟಾ ಕರೆಯುವಾಗ ಬರುವ ಕ್ಯೂಬಾ ಹಾಡು ಮೊದಲ ಸಲ ತೀರಾ ಹಗುರ ಅನ್ನಿಸಿತು. ಎರಡನೇ ಸಲ, ಅವನು ಹೋಗುವುದಿಲ್ಲ ಅಂತ ಗೊತ್ತಿದ್ದು ಕೇಳಿದಾಗ, ಆ ಹಗುರವೇ ತಡೆದುಕೊಳ್ಳಲು ಆಗಲಿಲ್ಲ. ಕೊನೆಯ ಭಾಗ ನನಗೆ ಇನ್ನೂ ಉದ್ದ ಅನ್ನಿಸುತ್ತದೆ. ಮಾರ್ಗರಿಟಾ ಸಾಯುತ್ತಾ ತನ್ನ ಶಿಷ್ಯೆ ನೂರಿಯಾಗೆ ಎಲ್ಲ ಒಪ್ಪಿಸುವ ಜಾಗ ಮಾತ್ರ ಬೇರೆ. ಗುರು ಕೊಟ್ಟದ್ದನ್ನು ಹಿಡಿದುಕೊಂಡ ಯಾರಿಗೂ ಅದು ತಾಗುತ್ತದೆ.

ಬಂಧಿಸಲು ಬರುವವನ ಬಗ್ಗೆ ಹೇಳಬೇಕು. ಮೊದಲ ಸಲ ಕೇಳುವಾಗ ಯಾರು ಹಾಡುತ್ತಿದ್ದಾರೆ ಅಂತ ನೋಡಿರಲಿಲ್ಲ. ಕಣ್ಣು ಮುಚ್ಚಿ ಕೂತಿದ್ದೆ. ಆ ದನಿ ಬಂದಾಗ, ಯಾರೋ ಲೋರ್ಕಾಗಾಗಿ ಅಳುತ್ತಿದ್ದಾರೆ ಅಂದುಕೊಂಡೆ. ಅಷ್ಟು ನೋವು ಇತ್ತು ಅದರಲ್ಲಿ. ಮನಸ್ಸಿನಲ್ಲೇ ವಾಹ್ ಅಂದೆ. ಆಮೇಲೆ ಅರ್ಥ ಓದಿದೆ. ಅವನನ್ನು ನಮಗೆ ಒಪ್ಪಿಸಿ ಅಂತ ಕೇಳುತ್ತಿದ್ದಾನೆ.

ಶರಾವತಿಯವರೇ, ನಿಮಗೆ ಕಾಲು ತಾಳ ಹಾಕಿದ್ದು ಏನೆಂದು ಈಗ ಗೊತ್ತಾಯಿತು.

ಶರಾವತಿ ತೀರದವಳು
ಗುರುವಾರ ಬೆಳಿಗ್ಗೆ

ಸರ್, ಇದನ್ನು ಓದಿ ಈಗ ಮತ್ತೆ ಹಾಕಿದ್ದೇನೆ. ಗೊರಸಿನ ಸದ್ದು ಶುರುವಾಗಿದೆ.